ಕುಂಬಳಕಾಯಿ ಪ್ರಶ್ನೆ

(ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ರೈತರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಧಾರಣೆ ವಿಷಯ, ಸಾಲದ ವಿಷಯ ನನಗಿಂತ ಮುಂಚೆ ಮಾತಾಡಿದವರು ಹೇಳಿದ್ದಾರೆ. ಅದನ್ನೇ ನಾನು ಮತ್ತೆ ಹೇಳೋದಿಲ್ಲ. ನಾನು ಹೇಳಬೇಕು ಅಂತಿರೋದು ಬೇರೆ ಒಂದು ಮಾತು. ನೋಡೋಕೆ ಸಣ್ಣದು, ಆದರೆ ಧಾರಣೆಗೂ ಸಾಲಕ್ಕೂ ಎರಡಕ್ಕೂ ಗಂಟು ಬಿದ್ದಿರುವ ಮಾತು. ನಾವು ಪ್ರಶ್ನೆ ಕೇಳುವ ರೀತಿ.

ನಮ್ಮಲ್ಲಿ ಎಲ್ಲರ ಬಾಯಲ್ಲೂ ಒಂದು ದೂರು ಇದೆ. "ಯಾರೂ ಸರಿಯಾಗಿ ಉತ್ತರ ಹೇಳೋದಿಲ್ಲ." ಬ್ಯಾಂಕಿಗೆ ಹೋದರೆ ನಾಳೆ ಬಾ ಅಂತಾರೆ. ಕಚೇರಿಗೆ ಹೋದರೆ ಮೇಲಿನಿಂದ ಬಂದಿಲ್ಲ ಅಂತಾರೆ. ಮಂಡಿಗೆ ಹೋದರೆ ಬೆಳಿಗ್ಗೆ ಒಂದು ಮಾತು, ಸಂಜೆ ಒಂದು ಮಾತು. 2007ರಲ್ಲಿ ನಮ್ಮ ಜಿಲ್ಲೆ ಕೋಲಾರದಿಂದ ಬೇರೆ ಆಯಿತು. ಕಚೇರಿಗಳು ಹತ್ತಿರ ಬಂದವು. ಉತ್ತರ ಹತ್ತಿರ ಬಂತೇ? ಬರಲಿಲ್ಲ ಅಂತ ನೀವೇ ಹೇಳ್ತೀರಿ. ಈ ದೂರು ಸುಳ್ಳಲ್ಲ. ಆದರೆ ಒಂದು ಮಾತು ಯೋಚನೆ ಮಾಡಿ. ಉತ್ತರ ಹೇಳದೆ ತಪ್ಪಿಸಿಕೊಳ್ಳಬೇಕು ಅನ್ನುವವನಿಗೆ ನಮ್ಮ ಪ್ರಶ್ನೆಯೇ ಬಾಗಿಲು ತೆರೆದು ಕೊಡ್ತಾ ಇದೆಯೇನೋ? ಗೊಂದಲದ ಪ್ರಶ್ನೆ ಕೇಳಿದರೆ ಗೊಂದಲದ ಉತ್ತರ ಕೊಟ್ಟು ಕಳಿಸೋದು ಬಹಳ ಸುಲಭ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಖಚಿತವಾಗಿ ಕೇಳಿದವನನ್ನು ಹಾಗೆ ಕಳಿಸೋದು ಕಷ್ಟ.

ಹುಳ ಸಾಯ್ತಾ ಇದೆ, ಏನು ಮಾಡಬೇಕು?

ಶಿಡ್ಲಘಟ್ಟದವರು ಬಹಳ ಜನ ಇದ್ದೀರಿ, ಆದ್ದರಿಂದ ರೇಷ್ಮೆಯಿಂದಲೇ ಶುರು ಮಾಡ್ತೇನೆ. ನಾಲ್ಕನೇ ಜ್ವರ ಎದ್ದು, ಇನ್ನು ನಾಲ್ಕೈದು ದಿನದಲ್ಲಿ ಹಣ್ಣಾಗಬೇಕು ಅನ್ನುವ ಹೊತ್ತಿಗೆ ಹುಳ ಸಾಯೋಕೆ ಶುರುವಾಗುತ್ತೆ. ರೈತ ಗಾಬರಿಯಿಂದ ಓಡಿ ಹೋಗಿ ಕೇಳ್ತಾನೆ, "ಸಾರ್, ಹುಳ ಸಾಯ್ತಾ ಇದೆ, ಏನು ಮಾಡಬೇಕು?"

ಈ ಪ್ರಶ್ನೆಗೆ ಯಾರು ತಾನೇ ಏನು ಉತ್ತರ ಹೇಳಿಯಾರು? ಹುಳ ಸಾಯೋಕೆ ಒಂದೇ ಕಾರಣ ಇದೆಯೇ? ಚರ್ಮ ಹೊಳೀತಾ, ಗೆಣ್ಣು ಗೆಣ್ಣು ಊದಿಕೊಂಡು, ಚುಚ್ಚಿದರೆ ಹಾಲಿನಂಥ ನೀರು ಬಂದರೆ ಅದು ಹಾಲುತೊಂಡೆ. ಸತ್ತ ಹುಳ ಗಟ್ಟಿಯಾಗಿ ಸುಣ್ಣದ ಕಡ್ಡಿಯ ಹಾಗೆ ಬೆಳ್ಳಗಾದರೆ ಸುಣ್ಣಕಟ್ಟು. ಮೆತ್ತಗಾಗಿ, ಕಪ್ಪಾಗಿ, ಕೆಟ್ಟ ವಾಸನೆ ಬಂದರೆ ಸಪ್ಪೆ ರೋಗ. ಇವು ಯಾವುದೂ ಅಲ್ಲದೆ, ಸೊಪ್ಪು ಹಾಕಿದ ಸ್ವಲ್ಪ ಹೊತ್ತಿಗೆ ಹುಳ ತಲೆ ಅಲ್ಲಾಡಿಸಿ, ಬಾಯಿಂದ ರಸ ಕಾರಿ, ಒಟ್ಟಿಗೆ ಸತ್ತರೆ, ಅದು ರೋಗವೇ ಅಲ್ಲದೆ ಇರಬಹುದು. ಪಕ್ಕದ ತೋಟದವರು ದ್ರಾಕ್ಷಿಗೋ ಟೊಮೆಟೊಗೋ ಹೊಡೆದ ಔಷಧಿ ಗಾಳಿಯಲ್ಲಿ ಬಂದು ನಿಮ್ಮ ಹಿಪ್ಪುನೇರಳೆ ಮೇಲೆ ಕೂತಿರಬಹುದು.

ಈಗ ನೋಡಿ, ಒಂದೊಂದಕ್ಕೂ ಮಾಡಬೇಕಾದದ್ದು ಬೇರೆ ಬೇರೆ. ಸುಣ್ಣಕಟ್ಟಾದರೆ ಮನೆಯೊಳಗಿನ ತೇವ ಇಳಿಸಬೇಕು, ಗಾಳಿ ಆಡಿಸಬೇಕು. ಔಷಧಿ ಬಿದ್ದ ಸೊಪ್ಪಾದರೆ ಮೊದಲು ಆ ಸೊಪ್ಪು ನಿಲ್ಲಿಸಿ ಬೇರೆ ತೋಟದ ಸೊಪ್ಪು ತರಬೇಕು. ಅಲ್ಲಿ ನೀವು ಎಷ್ಟು ಪುಡಿ ಎರಚಿದರೂ ಉಪಯೋಗ ಇಲ್ಲ. ಹುಳ ಸಾಯ್ತಾ ಇದೆ ಅಂತ ಮಾತ್ರ ಹೇಳಿದರೆ, ಕೇಳಿಸಿಕೊಂಡವನು ತನಗೆ ತೋಚಿದ ಒಂದು ಕಾರಣ ಹಿಡಿದು ಒಂದು ಉತ್ತರ ಕೊಡ್ತಾನೆ. ಆ ಉತ್ತರ ತಪ್ಪಾದರೆ ನಷ್ಟ ಅವನಿಗಲ್ಲ. ನೂರು ಮೊಟ್ಟೆ ಚಾಕಿ ತಂದ ದುಡ್ಡು, ಸೊಪ್ಪು, ಕೂಲಿ, ಒಂದು ತಿಂಗಳ ನಿದ್ದೆ, ಎಲ್ಲ ಹೋಗೋದು ನಮ್ಮದು.

ಹಾಗಾದರೆ ಹೇಗೆ ಕೇಳಬೇಕು? ಹೀಗೆ ಕೇಳಿ ನೋಡಿ. "ಸಾರ್, ನೂರು ಮೊಟ್ಟೆ ಬೈವೋಲ್ಟೀನ್ ಸಾಕಿದ್ದೇನೆ. ನಾಲ್ಕನೇ ಜ್ವರ ಎದ್ದು ಮೂರು ದಿನ ಆಯ್ತು. ನಿನ್ನೆ ಸಂಜೆ ಸೊಪ್ಪು ಹಾಕಿದ ಮೇಲೆ ಸಾಯೋಕೆ ಶುರುವಾಯ್ತು, ಅದಕ್ಕೆ ಮುಂಚೆ ಸತ್ತಿರಲಿಲ್ಲ. ಬಾಯಿಂದ ಹಸಿರು ರಸ ಕಾರ್ತಾ ಇದೆ. ಸತ್ತ ಹುಳ ಗಟ್ಟಿ ಆಗಿಲ್ಲ. ತೋಟದ ಪೂರ್ವಕ್ಕೆ ಪಕ್ಕದವರ ಟೊಮೆಟೊ ಇದೆ, ಮೊನ್ನೆ ಔಷಧಿ ಹೊಡೆದರು. ಇದು ರೋಗವೋ, ಔಷಧಿಯೋ? ಈ ಹೊತ್ತಿನ ಸೊಪ್ಪು ಹಾಕಬಹುದೋ ಬೇಡವೋ?" ಹೇಳೋಕೆ ಅರ್ಧ ನಿಮಿಷ ಸಾಕು. ಆದರೆ ಇದರಲ್ಲಿ ಅರ್ಧ ಉತ್ತರ ಆಗಲೇ ಬಂದುಬಿಟ್ಟಿದೆ. ಇಷ್ಟು ಹೇಳಿದವನಿಗೆ "ಏನೋ ರೋಗ ಬಂದಿರಬೇಕು ಕಣಯ್ಯ" ಅಂತ ಹೇಳಿ ಕಳಿಸೋಕೆ ಆಗೋದಿಲ್ಲ.

ದೂರದಲ್ಲಿ ಕೂತವರಿಗೆ ಕೇಳುವಾಗ ಇದು ಇನ್ನೂ ಮುಖ್ಯ. ಕೇಂದ್ರ ಸರ್ಕಾರ 2004ರ ಜನವರಿಯಲ್ಲಿ ಕಿಸಾನ್ ಕಾಲ್ ಸೆಂಟರ್ ಶುರು ಮಾಡಿತು. 1800-180-1551 ನಂಬರಿಗೆ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಫೋನು ಮಾಡಿದರೆ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡಬಹುದು. ಆದರೆ ಆ ಕಡೆ ಇರುವವರಿಗೆ ನಿಮ್ಮ ಹೊಲ ಕಾಣೋದಿಲ್ಲ. ನಿಮ್ಮ ಕಣ್ಣೇ ಅವರ ಕಣ್ಣು. ಚಿಂತಾಮಣಿ ತಾಲ್ಲೂಕು ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದರೂ ಅಷ್ಟೇ, ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋದರೂ ಅಷ್ಟೇ. ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ರೋಗದ ಎಲೆಯ ಜೊತೆ ಚೆನ್ನಾಗಿರುವ ಗಿಡದ ಎಲೆಯನ್ನೂ ಒಂದು ತಗೊಂಡು ಹೋಗಿ. ಹೊಡೆದ ಔಷಧಿಯ ಡಬ್ಬಿ ತಗೊಂಡು ಹೋಗಿ. ಮಣ್ಣು ಪರೀಕ್ಷೆ ಮಾಡಿಸಿದ್ದರೆ ಆ ಕಾರ್ಡು ತಗೊಂಡು ಹೋಗಿ.

"ಏನಾದ್ರೂ ಕೊಡಿ"

ನಮ್ಮ ಕಡೆ ರೈತ ಆಡುವ ಮಾತುಗಳಲ್ಲಿ ಅತ್ಯಂತ ದುಬಾರಿ ಮಾತು ಯಾವುದು ಗೊತ್ತೇ? ಔಷಧಿ ಅಂಗಡಿಯ ಮುಂದೆ ನಿಂತು "ಟೊಮೆಟೊ ಎಲೆ ಮುದುಡಿದೆ, ಏನಾದ್ರೂ ಕೊಡಿ" ಅನ್ನೋದು. ಎಲೆ ಮುದುಡೋದು ಬಿಳಿ ನೊಣ ತಂದ ನಂಜಿನಿಂದಲೂ ಇರಬಹುದು, ಥ್ರಿಪ್ಸಿನಿಂದಲೂ ಇರಬಹುದು, ಪಕ್ಕದಲ್ಲಿ ಕಳೆನಾಶಕ ಹೊಡೆದದ್ದರಿಂದಲೂ ಇರಬಹುದು, ಬರೀ ಬಿಸಿಲು ಮತ್ತು ನೀರಿನ ಕೊರತೆಯಿಂದಲೂ ಇರಬಹುದು. ಅಂಗಡಿಯವನು ಮೂರು ಬಾಟಲಿ ಕೊಡ್ತಾನೆ. ಒಂದಲ್ಲ ಒಂದು ತಾಗಲಿ ಅಂತ. ಲೆಕ್ಕ ಬರ್ಕೋ ಅಂತೀರಿ. ಆ ಲೆಕ್ಕ ಬೆಳೆ ಕಿತ್ತ ಮೇಲೆ ಮಂಡಿಯ ದುಡ್ಡಿನಲ್ಲಿ ಕಡಿತವಾಗುತ್ತೆ. ಸಾಲ ಅಂದರೆ ಬ್ಯಾಂಕಿನದೇ ಸಾಲ ಅಂತ ತಿಳೀಬೇಡಿ. ಹೀಗೆ ಕೇಳದೆ ಕೊಂಡದ್ದೂ ಸಾಲವೇ.

ಅಂಗಡಿಯಲ್ಲಿ ಕೇಳಬೇಕಾದದ್ದು ನಾಲ್ಕೇ ಮಾತು. ಇದು ಯಾವ ಹುಳಕ್ಕೆ, ಯಾವ ರೋಗಕ್ಕೆ? ಈ ಬೆಳೆಗೆ ಹೊಡೆಯಬಹುದು ಅಂತ ಡಬ್ಬಿ ಮೇಲೆ ಬರೆದಿದೆಯೇ? ಒಂದು ಟ್ಯಾಂಕಿಗೆ ಎಷ್ಟು, ಹೊಡೆದ ಎಷ್ಟು ದಿನಕ್ಕೆ ಕಾಯಿ ಕೀಳಬಹುದು? ಬ್ಯಾಚ್ ನಂಬರ್ ಹಾಕಿದ ಬಿಲ್ಲು ಕೊಡ್ತೀರಾ? ಕೊನೆಯ ಪ್ರಶ್ನೆ ಕೇಳಿದ ಕೂಡಲೆ ಕೆಲವು ಬಾಟಲಿಗಳು ತಾವಾಗೇ ಒಳಗೆ ಹೋಗ್ತವೆ. ನೀವು ನೋಡಿ ಬೇಕಾದರೆ.

ಧಾರಣೆ ಎಷ್ಟು?

ಈಗ ಧಾರಣೆಗೆ ಬರೋಣ. ಚಿಂತಾಮಣಿ ಮಾರುಕಟ್ಟೆಗೆ ಹೋಗಿ ಬಂದವನನ್ನು ಊರಲ್ಲಿ ಕೇಳ್ತೀವಿ, "ಟೊಮೆಟೊ ಎಷ್ಟಪ್ಪಾ?" "ಮುನ್ನೂರು" ಅಂತಾನೆ. ಮುಗೀತು. ಮಾರನೆ ದಿನ ಊರಿಗೆ ಊರೇ ಕಿತ್ತು ಗಾಡಿಗೆ ತುಂಬುತ್ತೆ. 2023ರ ಜುಲೈನಲ್ಲಿ ಪೇಟೆಯಲ್ಲಿ ಟೊಮೆಟೊ ಕೆ.ಜಿ.ಗೆ ನೂರು ರೂಪಾಯಿ ದಾಟಿತ್ತಲ್ಲ, ಆಗ ಇದೇ ಒಂದು ಸುದ್ದಿ ಹಿಡಿದು ಎಷ್ಟು ಜನ ಹೊಸದಾಗಿ ನಾಟಿ ಮಾಡಿದರು, ಅವರ ಕಾಯಿ ಮಾರುಕಟ್ಟೆಗೆ ಬರುವ ಹೊತ್ತಿಗೆ ಏನಾಯ್ತು, ನಿಮಗೇ ಗೊತ್ತು.

ಮುನ್ನೂರು ಅಂದರೆ ಏನು? ಒಂದು ಲೆಕ್ಕ ಹಾಕಿ ತೋರಿಸ್ತೇನೆ. 15 ಕೆ.ಜಿ. ಕ್ರೇಟಿಗೆ 300 ಅಂದರೆ ಕೆ.ಜಿ.ಗೆ 20 ರೂಪಾಯಿ. ಆದರೆ ಕ್ರೇಟಿನಲ್ಲಿ ನೀವು ತುಂಬಿದ್ದು 17 ಕೆ.ಜಿ., ಲೆಕ್ಕ ಮಾತ್ರ 15ರದು ಅಂತ ಇಟ್ಟುಕೊಳ್ಳಿ. ಅದರ ಮೇಲೆ ನೂರಕ್ಕೆ ಹತ್ತು ಕಮಿಷನ್ ಹಿಡಿದರೆ ಕೈಗೆ ಬಂದದ್ದು 270. ಹದಿನೇಳರಿಂದ ಭಾಗಿಸಿ. ಕೆ.ಜಿ.ಗೆ 16 ರೂಪಾಯಿಯೂ ಬೀಳಲಿಲ್ಲ. ಇನ್ನೂ ಬಾಡಿಗೆ, ಹಮಾಲಿ ಕಳೆದಿಲ್ಲ. ಊರಲ್ಲಿ ಇಪ್ಪತ್ತು, ಜೇಬಿನಲ್ಲಿ ಹದಿನಾರು. ಮಧ್ಯದ ನಾಲ್ಕು ರೂಪಾಯಿ ಎಲ್ಲಿ ಹೋಯ್ತು ಅಂತ ಯಾರೂ ಕೇಳಲಿಲ್ಲ, ಯಾಕೆಂದರೆ ನಾವು ಕೇಳಿದ್ದು "ಎಷ್ಟು" ಅಂತ ಮಾತ್ರ.

ಆದ್ದರಿಂದ ಧಾರಣೆ ಕೇಳುವಾಗ ಹೀಗೆ ಕೇಳಬೇಕು. ಎಷ್ಟು ಕೆ.ಜಿ.ಗೆ? ಯಾವ ದರ್ಜೆ ಕಾಯಿಗೆ? ಆ ದಿನ ಅತಿ ಹೆಚ್ಚು ಎಷ್ಟು, ಅತಿ ಕಡಿಮೆ ಎಷ್ಟು, ಹೆಚ್ಚು ಮಾಲು ಯಾವ ಧಾರಣೆಗೆ ಹೋಯ್ತು? ಕಡಿತ ಎಲ್ಲ ಕಳೆದು ಕೈಗೆ ಎಷ್ಟು ಬಂತು? ಗೂಡಿನ ಮಾರುಕಟ್ಟೆಯಲ್ಲೂ ಹಾಗೇ. ಶಿಡ್ಲಘಟ್ಟದಲ್ಲಿ ಒಬ್ಬನ ಲಾಟು ದೊಡ್ಡ ಧಾರಣೆಗೆ ಹೋದರೆ ಆ ಸುದ್ದಿ ಊರೂರು ಸುತ್ತುತ್ತೆ. ಅದು ಬೈವೋಲ್ಟೀನೋ, ಮಿಶ್ರತಳಿಯೋ, ಆ ದಿನದ ಸರಾಸರಿ ಎಷ್ಟು ಅಂತ ಕೇಳುವವರು ಕಡಿಮೆ. ಸರಾಸರಿ ಕೇಳಿ. ಅತಿ ಹೆಚ್ಚು ಧಾರಣೆ ಒಬ್ಬನಿಗೆ ಸಿಕ್ಕಿದ್ದು. ನಾಳೆ ನಿಮ್ಮ ಗೂಡು ಹೋಗೋದು ಹೆಚ್ಚಾಗಿ ಸರಾಸರಿ ಆಸುಪಾಸಿನಲ್ಲಿ.

ಇನ್ನು ಕಮಿಷನ್. ನಮ್ಮ ರಾಜ್ಯದ ಎ.ಪಿ.ಎಂ.ಸಿ. ಕಾಯಿದೆ 1966ರದು. ಕಮಿಷನ್ ಕೊಂಡವನಿಂದ ತಗೋಬೇಕು, ಮಾರಿದ ರೈತನಿಂದ ಹಿಡಿಯೋ ಹಾಗಿಲ್ಲ. ಆದರೂ ಬಿಳಿ ಚೀಟಿ ಮೇಲೆ ಗೀಚಿ ಹಿಡೀತಾರೆ. ಅಲ್ಲಿ ನಿಂತು "ಇದು ಅನ್ಯಾಯ ಅಲ್ವಾ?" ಅಂದರೆ "ಹೌದಪ್ಪಾ, ಕಾಲ ಕೆಟ್ಟಿದೆ" ಅಂತ ಅವನೂ ನಿಮ್ಮ ಜೊತೆ ನಿಟ್ಟುಸಿರು ಬಿಡ್ತಾನೆ. "ಈ ಹತ್ತು ಪರ್ಸೆಂಟು ಕಡಿತ ಯಾವ ನಿಯಮದ ಪ್ರಕಾರ? ಅದನ್ನ ಲೈಸೆನ್ಸ್ ನಂಬರ್ ಇರುವ ಬಿಲ್ಲಿನಲ್ಲಿ ಬರೆದು ಕೊಡಿ" ಅಂತ ಕೇಳಿ. ಈ ಮಾತನ್ನ ಒಬ್ಬನೇ ಕೇಳಿದರೆ ಮಾರನೆ ದಿನ ಅವನ ಮಾಲಿಗೆ ಬೆಲೆ ಬೀಳೋದಿಲ್ಲ ಅನ್ನುವ ಭಯ ಇದೆ, ನನಗೆ ಗೊತ್ತು. ಆದ್ದರಿಂದ ಇದನ್ನ ಹತ್ತು ಜನ ಒಂದೇ ದಿನ ಕೇಳಬೇಕು. ಸಂಘ ಇರೋದು ಅದಕ್ಕೇ.

ಸಾಲದವನ ನಾಚಿಕೆ

ಈಗ ಮುಖ್ಯವಾದ ಜಾಗಕ್ಕೆ ಬಂದೆ. ಬ್ಯಾಂಕು ಮತ್ತು ಸೊಸೈಟಿ. ಬೆಳೆ ಬಗ್ಗೆ, ಧಾರಣೆ ಬಗ್ಗೆ ಗಟ್ಟಿಯಾಗಿ ಮಾತಾಡುವ ಯಜಮಾನನೂ ಬ್ಯಾಂಕಿನ ಬಾಗಿಲಲ್ಲಿ ದನಿ ತಗ್ಗಿಸ್ತಾನೆ. ಯಾಕೆ? ಸಾಲ ಇದೆ, ನಾಚಿಕೆ. ನಾಲ್ಕು ಜನರ ಮುಂದೆ ಮೊತ್ತ ಹೇಳೋಕೆ ನಾಚಿಕೆ. ಆದ್ದರಿಂದ ಸುತ್ತು ಬಳಸಿ ಕೇಳ್ತಾನೆ. "ಸಾರ್, ನಮ್ದು ಏನಾದ್ರೂ ಆಗುತ್ತಾ?" ಏನಾಗಬೇಕು? ಮನ್ನಾವೇ, ಹೊಸ ಸಾಲವೇ, ವಾಯಿದೆಯೇ? ಮೇನೇಜರು "ನೋಡೋಣ" ಅಂತಾರೆ. ನೋಡೋಣ ಅನ್ನೋದನ್ನ ನಾವು ಆಗುತ್ತೆ ಅಂತ ತಿಳ್ಕೊಂಡು ಮನೆಗೆ ಬರ್ತೀವಿ. ಬಡ್ಡಿ ಮಾತ್ರ ಎಲ್ಲೂ ನಿಲ್ಲದೆ ನಡೀತಾನೇ ಇರುತ್ತೆ.

ಈ ನಾಚಿಕೆಗೆ ಬೆಲೆ ಎಷ್ಟು ಅಂತ ಲೆಕ್ಕ ಹೇಳ್ತೇನೆ. ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆ ಸಾಲ 3 ಲಕ್ಷದವರೆಗೆ ಶೇಕಡ 7ರ ಬಡ್ಡಿ. ಗಡುವಿನೊಳಗೆ ಕಟ್ಟಿದವನಿಗೆ ಶೇಕಡ 3 ರಿಯಾಯಿತಿ, ಅಂದರೆ 4 ಬೀಳುತ್ತೆ. ಇದುವರೆಗೆ ನಡೆದು ಬಂದಿರುವ ಲೆಕ್ಕ ಇದು. 3 ಲಕ್ಷಕ್ಕೆ ಒಂದು ವರ್ಷಕ್ಕೆ ನಾಲ್ಕರ ಲೆಕ್ಕದಲ್ಲಿ 12 ಸಾವಿರ, ಏಳರ ಲೆಕ್ಕದಲ್ಲಿ 21 ಸಾವಿರ. ಒಂದು ತಾರೀಕು ದಾಟಿದ್ದಕ್ಕೆ 9 ಸಾವಿರ ಹೋಯ್ತು. ಗಡುವು ದಾಟಿದ ಮೇಲಿನ ಬಡ್ಡಿ ಬೇರೆ. ಸೊಸೈಟಿಯಲ್ಲಿ ಶೂನ್ಯ ಬಡ್ಡಿ ಅಂತೀವಿ. ನಮ್ಮ ರಾಜ್ಯದಲ್ಲಿ 2023ರಲ್ಲಿ ಅದರ ಮಿತಿಯನ್ನ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಆದರೆ ಆ ಸೊನ್ನೆಯೂ ಗಡುವಿನೊಳಗೆ ಕಟ್ಟಿದವನಿಗೆ ಮಾತ್ರ. ಆದ್ದರಿಂದ ಸಾಲ ತಗೊಂಡ ದಿನವೇ ಕೇಳಬೇಕಾದ ಪ್ರಶ್ನೆ: "ರಿಯಾಯಿತಿ ತಪ್ಪದೆ ಇರಬೇಕಾದರೆ ಯಾವ ತಾರೀಕಿನೊಳಗೆ, ಒಟ್ಟು ಎಷ್ಟು ಕಟ್ಟಬೇಕು? ಬರೀ ಬಡ್ಡಿ ಕಟ್ಟಿದರೆ ಸಾಕೇ, ಅಸಲೂ ಕಟ್ಟಬೇಕೇ?" ತಾರೀಕನ್ನ ಪಾಸ್ ಪುಸ್ತಕದ ಮೇಲೆ ಬರೆಸಿಕೊಳ್ಳಿ.

ಕಟ್ಟಲಾಗದೆ ಹೋಯ್ತು ಅಂತ ಇಟ್ಟುಕೊಳ್ಳಿ. ಆಗಲೂ ತಲೆ ತಗ್ಗಿಸಿ ಓಡಾಡಬೇಡಿ, ಕೇಳಿ. "ನನ್ನ ಖಾತೆ ಬರೀ ಸುಸ್ತಿ ಆಗಿದೆಯೇ, ಎನ್.ಪಿ.ಎ. ಆಗಿದೆಯೇ? ಯಾವ ತಾರೀಕಿನಿಂದ?" ಎರಡಕ್ಕೂ ಬಹಳ ವ್ಯತ್ಯಾಸ ಇದೆ. ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅಲ್ಪಾವಧಿ ಬೆಳೆಗೆ ಕೊಟ್ಟ ಸಾಲ ಎರಡು ಬೆಳೆ ಹಂಗಾಮು ಬಾಕಿ ಉಳಿದ ಮೇಲೆ ಎನ್.ಪಿ.ಎ. ಲೆಕ್ಕಕ್ಕೆ ಹೋಗುತ್ತೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನ ಬರಪೀಡಿತ ಅಂತ ಘೋಷಿಸಿದರು. ಆಗ ನಮ್ಮವರು ಬ್ಯಾಂಕಿನಲ್ಲಿ ಕೇಳಿದ್ದು "ಮನ್ನಾ ಆಯ್ತಾ?" ಅಂತ. ಇಲ್ಲ ಅಂದರು, ಎದ್ದು ಬಂದರು. ಅಲ್ಲಿ ಕೇಳಬೇಕಾಗಿದ್ದದ್ದು ಇದು: "ಬರ ಘೋಷಣೆ ಆಗಿರುವುದರಿಂದ ನನ್ನ ಅಲ್ಪಾವಧಿ ಸಾಲವನ್ನ ಮಧ್ಯಮಾವಧಿಗೆ ಬದಲಾಯಿಸಿ ಕಂತು ಮಾಡಿಕೊಡ್ತೀರಾ? ಅರ್ಜಿ ಯಾವ ತಾರೀಕಿನೊಳಗೆ ಕೊಡಬೇಕು?" ಮನ್ನಾ ಅನ್ನೋದು ಸರ್ಕಾರದ ಕೈಲಿದೆ. ಕಂತು ಮಾಡೋದು ನಿಯಮದಲ್ಲೇ ಇದೆ. ಇರೋದನ್ನ ಕೇಳದೆ ಇಲ್ಲದ್ದನ್ನ ಕೇಳಿ ಬಂದರೆ ಏನು ಬಂತು?

ಒಂದೇ ಸಲ ಇಷ್ಟು ಕಟ್ಟಿ ತೀರಿಸಿಕೊಳ್ಳಿ ಅಂತ ಬ್ಯಾಂಕಿನವರು ಕರೆದಾಗಲೂ ಬಾಯಿ ಮಾತಿಗೆ ಒಪ್ಪಬೇಡಿ. ಎಷ್ಟು, ಯಾವ ತಾರೀಕಿನೊಳಗೆ, ಕಟ್ಟಿದ ಮೇಲೆ ಬಾಕಿ ಇಲ್ಲ ಅನ್ನುವ ಪತ್ರ ಎಷ್ಟು ದಿನದಲ್ಲಿ ಕೊಡ್ತೀರಿ, ಪಹಣಿಯ 11ನೇ ಕಾಲಂನಲ್ಲಿರುವ ಋಣ ತೆಗೆಸೋದು ಯಾರ ಕೆಲಸ? ಈ ನಾಲ್ಕಕ್ಕೂ ಬರಹದಲ್ಲಿ ಉತ್ತರ ತಗೊಳ್ಳಿ. ದುಡ್ಡು ಕಟ್ಟಿ, ಪಹಣಿಯಲ್ಲಿ ಮಾತ್ರ ಋಣ ಹಾಗೇ ಉಳಿದು, ಮಗಳ ಮದುವೆ ಹೊತ್ತಿಗೋ ಭಾಗ ಆಗುವ ಹೊತ್ತಿಗೋ ಪರದಾಡುವವರು ಊರೂರಲ್ಲಿ ಇದ್ದಾರೆ.

ಪರಿಹಾರದ ವಿಷಯವೂ ಒಂದು ಮಾತು. "ಬರ ಪರಿಹಾರ ನಂಗೆ ಬರಲಿಲ್ಲ, ಯಾಕೆ?" ಅಂತ ಕೇಳಿದರೆ ಗ್ರಾಮ ಆಡಳಿತಾಧಿಕಾರಿ "ಬರುತ್ತೆ ಇರಪ್ಪಾ" ಅಂತಾರೆ. ದುಡ್ಡು ಸಾಮಾನ್ಯವಾಗಿ ಸಿಕ್ಕಿಕೊಳ್ಳೋದು ಮೂರು ಜಾಗದಲ್ಲಿ. ಫ್ರೂಟ್ಸ್ ನೋಂದಣಿಯಲ್ಲಿ ಆ ಸರ್ವೆ ನಂಬರ್ ಸೇರಿಲ್ಲದೆ ಇರಬಹುದು. ಬೆಳೆ ಸಮೀಕ್ಷೆಯಲ್ಲಿ ರಾಗಿ ಇದ್ದದ್ದನ್ನ ಬೇರೆ ಬೆಳೆಯೋ ಪಾಳೋ ಅಂತ ಬರೆದಿರಬಹುದು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದೆ ಇರಬಹುದು. ಆದ್ದರಿಂದ "ಎಫ್.ಐ.ಡಿ. ನಂಬರ್ ಇದು, ಸರ್ವೆ ನಂಬರ್ ಇದು. ಈ ಮೂರರಲ್ಲಿ ಎಲ್ಲಿ ನಿಂತಿದೆ ನೋಡಿ ಹೇಳಿ" ಅಂತ ಕೇಳಿ. ಬೆಳೆ ವಿಮೆಯೂ ಹಾಗೇ. ಪ್ರೀಮಿಯಂ ಕಟ್ಟುವ ಮುಂಚೆ "ನಮ್ಮ ಪಂಚಾಯ್ತಿಗೆ ಈ ಬೆಳೆ ಸೇರಿದೆಯೇ?" ಅಂತ ಕೇಳಿ. ಫಸಲ್ ಬಿಮಾ ಮಾಡಿಸಿದ ಬೆಳೆ ಆಲಿಕಲ್ಲು ಮಳೆಗೆ ಹೋದರೆ 72 ಗಂಟೆಯೊಳಗೆ ತಿಳಿಸಬೇಕು ಅನ್ನುವ ನಿಯಮ ಇದೆ. ಬೆಳೆ ಹೋದ ಮೇಲೆ ಒಂದು ವಾರ ದುಃಖಪಟ್ಟು ಆಮೇಲೆ ಕೇಳಿದರೆ ಆ ಪ್ರಶ್ನೆಗೆ ಉತ್ತರ ಇಲ್ಲ.

ಹೊಸೂರಿನ ನರಸಿಂಹಯ್ಯನವರು

ಪ್ರಶ್ನೆ ಕೇಳೋದನ್ನ ನಾವು ಹೊರಗಿನಿಂದ ಕಲಿಯಬೇಕಾಗಿಲ್ಲ. ಗೌರಿಬಿದನೂರು ತಾಲ್ಲೂಕು ಹೊಸೂರಿನಲ್ಲಿ ಬಡವರ ಮನೆಯಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ನಮ್ಮವರೇ. ಭೌತಶಾಸ್ತ್ರದ ಮೇಷ್ಟ್ರು, ನ್ಯಾಷನಲ್ ಕಾಲೇಜಿನವರು, ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದವರು, 2005ರಲ್ಲಿ ತೀರಿಕೊಂಡರು. ಪ್ರಶ್ನೆ ಮಾಡದೆ ಯಾವುದನ್ನೂ ಒಪ್ಪಬೇಡಿ ಅನ್ನೋದೇ ಅವರು ಜನ್ಮವೆಲ್ಲ ಹೇಳಿದ ಮಾತು. 1976ರಲ್ಲಿ ಪವಾಡಗಳನ್ನ ಪರೀಕ್ಷೆ ಮಾಡೋಕೆ ಅಂತ ವಿಶ್ವವಿದ್ಯಾಲಯದಲ್ಲಿ ಒಂದು ಸಮಿತಿ ಮಾಡಿದರು. ಗಾಳಿಯಲ್ಲಿ ಕೈ ಆಡಿಸಿ ಉಂಗುರ, ವಿಭೂತಿ ಕೊಡುವವರಿಗೆ ಅವರು ಹಾಕಿದ ಸವಾಲು ದೇಶಕ್ಕೆಲ್ಲ ಗೊತ್ತಾಯ್ತು. ಉಂಗುರ ಬೇಡ, ಒಂದು ಕುಂಬಳಕಾಯಿ ಸೃಷ್ಟಿಸಿ ಕೊಡಿ!

ಇದರಲ್ಲಿ ತಮಾಷೆ ಇದೆ, ಆದರೆ ತಮಾಷೆಗಿಂತ ಹೆಚ್ಚಿನದೂ ಇದೆ. ಅವರು ಬೈಯಲಿಲ್ಲ. ನೀನು ಮೋಸಗಾರ ಅನ್ನಲಿಲ್ಲ. ಉಂಗುರವನ್ನ ಮುಷ್ಟಿಯಲ್ಲಿ ಬಚ್ಚಿಡಬಹುದು, ಕುಂಬಳಕಾಯಿಯನ್ನ ಬಚ್ಚಿಡೋಕೆ ಆಗೋದಿಲ್ಲ. ಅಷ್ಟೇ ಅದರ ಗುಟ್ಟು. ನಾವು ಕೇಳುವ ಪ್ರಶ್ನೆಯೂ ಹಾಗಿರಬೇಕು. ಉತ್ತರವನ್ನ ಮುಷ್ಟಿಯಲ್ಲಿ ಬಚ್ಚಿಡೋಕೆ ಆಗಬಾರದು. "ನಮಗೆ ನ್ಯಾಯ ಕೊಡ್ತೀರಾ?" ಅನ್ನೋದು ಉಂಗುರದ ಪ್ರಶ್ನೆ. ಕೊಡ್ತೀವಿ ಅಂತ ಯಾರು ಬೇಕಾದರೂ ಹೇಳಬಹುದು. "ಯಾವ ತಾರೀಕು, ಎಷ್ಟು ದುಡ್ಡು, ಯಾರ ಸಹಿ?" ಅನ್ನೋದು ಕುಂಬಳಕಾಯಿ ಪ್ರಶ್ನೆ.

ನಮ್ಮ ಜಿಲ್ಲೆಯಲ್ಲೇ ಇದು ಕೆಲಸ ಮಾಡಿದೆ. ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಕೊಳಚೆ ನೀರನ್ನ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡ್ತೀವಿ ಅಂದಾಗ "ನೀರು ಒಳ್ಳೇದಾ?" ಅಂತ ಕೇಳಿದವರಿಗೆ "ಒಳ್ಳೇದು" ಅನ್ನುವ ಉತ್ತರ ಸಿಕ್ಕಿತು. "ಶುದ್ಧೀಕರಣ ಎರಡೇ ಹಂತವೋ, ಮೂರನೇ ಹಂತವೂ ಉಂಟೋ?" ಅಂತ ಹೋರಾಟಗಾರರು ಕೇಳಿದಾಗ ಎರಡೇ ಹಂತ ಅನ್ನೋದನ್ನ ಮುಚ್ಚಿಡೋಕೆ ಆಗಲಿಲ್ಲ. ಇವತ್ತಿಗೂ ಆ ನೀರಿನ ಮಾತು ಬಂದಾಗ ಮೂರನೇ ಹಂತದ ಮಾತು ಬರುತ್ತಲ್ಲ, ಅದು ಆ ಪ್ರಶ್ನೆಯ ಫಲ.

ಬರೆದು ಕೇಳೋದು

ಬಾಯಲ್ಲಿ ಕೇಳಿದ್ದಕ್ಕೆ ಉತ್ತರ ಬಾರದೆ ಇದ್ದರೆ ಬರೆದು ಕೇಳಿ. ಮಾಹಿತಿ ಹಕ್ಕು ಕಾಯಿದೆ 2005ರದು. ನಮ್ಮ ರಾಜ್ಯದ ಕಚೇರಿಗೆ 10 ರೂಪಾಯಿ ಶುಲ್ಕ. 30 ದಿನದಲ್ಲಿ ಉತ್ತರ ಬರಬೇಕು, ಬಾರದೆ ಇದ್ದರೆ ಮುಂದಿನ 30 ದಿನದಲ್ಲಿ ಮೇಲ್ಮನವಿ. ಇದು ಬಹಳ ಜನಕ್ಕೆ ಗೊತ್ತು. ಆದರೆ ಕರ್ನಾಟಕದ ನಿಯಮಗಳಿಗೆ 2008ರಲ್ಲಿ ಸೇರಿಸಿದ ಒಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ನಮ್ಮವರು ನಾಲ್ಕು ಪುಟ ಬರೀತಾರೆ. ಅಜ್ಜನ ಕಾಲದಿಂದ ಶುರು ಮಾಡಿ ರಸ್ತೆ, ಚರಂಡಿ, ಪಹಣಿ, ಕೊಳವೆ ಬಾವಿ ಎಲ್ಲ ಒಂದರಲ್ಲೇ ತುಂಬಿ ಕೊನೆಗೆ "ಇದಕ್ಕೆ ಯಾರು ಹೊಣೆ?" ಅಂತ ಮುಗಿಸ್ತಾರೆ. ಅಂಥ ಅರ್ಜಿ ವಾಪಸು ಬರುತ್ತೆ.

ಈ ಕಾಯಿದೆಯಲ್ಲಿ ಕಚೇರಿಯಲ್ಲಿ ಇರುವ ದಾಖಲೆ ಕೇಳಬಹುದು. "ಯಾಕೆ ಹೀಗೆ ಮಾಡಿದಿರಿ?" ಅನ್ನೋದಕ್ಕೆ ಅವರು ಹೊಸದಾಗಿ ಸಮಜಾಯಿಷಿ ಬರೆದು ಕೊಡಬೇಕಾಗಿಲ್ಲ. ಆದ್ದರಿಂದ "ನನ್ನ ಪರಿಹಾರದ ಅರ್ಜಿಯನ್ನ ಯಾಕೆ ತಿರಸ್ಕರಿಸಿದಿರಿ?" ಅಂತ ಬರೆಯೋದರ ಬದಲು "ಇಂಥ ತಾರೀಕಿನ ಇಂಥ ನಂಬರಿನ ನನ್ನ ಅರ್ಜಿಯ ಮೇಲೆ ಆದ ಆದೇಶ ಮತ್ತು ಕಡತದ ಟಿಪ್ಪಣಿಯ ಪ್ರತಿ ಕೊಡಿ" ಅಂತ ಬರೆಯಿರಿ. ಯಾಕೆ ಅನ್ನೋದು ಆ ಟಿಪ್ಪಣಿಯಲ್ಲೇ ಇರುತ್ತೆ. ಸೊಸೈಟಿ ವಿಷಯದಲ್ಲಿ ಒಂದು ತೊಡಕಿದೆ. ಕೇರಳದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಸಹಕಾರ ಸಂಘಗಳಿಗೆ ಸಾಮಾನ್ಯವಾಗಿ ಈ ಕಾಯಿದೆ ನೇರವಾಗಿ ತಾಗೋದಿಲ್ಲ ಅಂದಿತು. ಆದರೆ ಸಹಕಾರ ಇಲಾಖೆ ಕಾನೂನಿನ ಪ್ರಕಾರ ಸಂಘದಿಂದ ತರಿಸಿಕೊಳ್ಳಬಹುದಾದ ಮಾಹಿತಿಯನ್ನ ಆ ಇಲಾಖೆಗೆ ಅರ್ಜಿ ಹಾಕಿ ಕೇಳಬಹುದು ಅಂತ ಅದೇ ತೀರ್ಪಿನಲ್ಲಿದೆ. ಬ್ಯಾಂಕಿನ ಮೇಲೆ ದೂರಿದ್ದರೆ ಮೊದಲು ಬ್ಯಾಂಕಿಗೇ ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ. 30 ದಿನದಲ್ಲಿ ಉತ್ತರ ಬಾರದೆ ಇದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಆ ಸ್ವೀಕೃತಿ ಇಲ್ಲದೆ ಹೋದರೆ ಅಲ್ಲಿ ಮೊದಲು ಕೇಳುವ ಪ್ರಶ್ನೆಗೇ ನೀವು ಸುಮ್ಮನೆ ನಿಲ್ಲಬೇಕಾಗುತ್ತೆ.

ಕೇಳುವವನ ಮರ್ಯಾದೆ

ಕೊನೆಯದಾಗಿ ಕೇಳುವ ಮರ್ಯಾದೆ ಬಗ್ಗೆ ಹೇಳಿ ಮುಗಿಸ್ತೇನೆ. ಮರ್ಯಾದೆ ಅಂದರೆ ಕೈ ಮುಗಿದು ಬಗ್ಗೋದಲ್ಲ. ಕೇಳುವ ಮುಂಚೆ ನಮ್ಮ ಕೈಲಿ ಆಗುವಷ್ಟು ನೋಡಿಕೊಂಡು, ತಿಳಿದುಕೊಂಡು ಹೋಗೋದು. ಪಾಸ್ ಪುಸ್ತಕ ತೆಗೆದು ನೋಡದೆ ಬಾಕಿ ಎಷ್ಟು ಅಂತ ಕೇಳಬಾರದು. ಒಂದು ಸಲಕ್ಕೆ ಒಂದು ಪ್ರಶ್ನೆ ಕೇಳಬೇಕು. ಇದ್ದದ್ದನ್ನ ಇದ್ದ ಹಾಗೆ ಹೇಳಬೇಕು. ಎರಡು ಪಟ್ಟು ಔಷಧಿ ಹೊಡೆದದ್ದನ್ನ ಮುಚ್ಚಿಟ್ಟು ಬೆಳೆ ಸುಟ್ಟಿತು ಅಂದರೆ ಕೃಷಿ ವಿಜ್ಞಾನಿ ದೇವರಾದರೂ ಉತ್ತರ ಹೇಳಲಾರ. ಉತ್ತರ ಹೇಳುವಾಗ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡು, ಚೀಟಿಯಲ್ಲಿ ಬರೆದುಕೊಂಡು, "ಸಾರ್, ನಾನು ತಿಳ್ಕೊಂಡದ್ದು ಹೀಗೆ, ಸರಿ ತಾನೇ?" ಅಂತ ಒಂದು ಸಲ ಓದಿ ಹೇಳಬೇಕು. ಇಂಥ ಹೊತ್ತಿನಲ್ಲೇ ಬಹಳ ತಪ್ಪುಗಳು ತಿದ್ದಿಹೋಗ್ತವೆ. ಸಿಟ್ಟು ಬಂದರೂ ಪ್ರಶ್ನೆಯಲ್ಲಿ ಬೈಗುಳ ಬೆರೆಸಬೇಡಿ. ಬೈದರೆ ಅವರು ಬೈಗುಳಕ್ಕೆ ಉತ್ತರ ಕೊಡ್ತಾರೆ, ಪ್ರಶ್ನೆ ಹಾಗೇ ಉಳಿಯುತ್ತೆ.

ಇನ್ನೊಂದು. ಕೇಳಿ ಬಂದದ್ದು ಫಲ ಕೊಟ್ಟಿತೋ ಇಲ್ಲವೋ ಅನ್ನೋದನ್ನ ಹೇಳಿದವರಿಗೂ ತಿಳಿಸಿ, ಊರಲ್ಲೂ ತಿಳಿಸಿ. ನೀವು ಕೇಳಿ ತಂದ ಉತ್ತರ ನಿಮ್ಮ ಜೇಬಿನಲ್ಲೇ ಉಳಿದರೆ ಪಕ್ಕದ ಮನೆಯವನು ಅದೇ ಪ್ರಶ್ನೆ ಹಿಡಿದು ಅದೇ ಬಸ್ಸು ಹತ್ತಬೇಕು. ಮತ್ತೆ ನಮ್ಮ ಸಂಘದ ಸಭೆಯಲ್ಲಿ ಯಾರಾದರೂ ಹುಡುಗ, ಯಾರಾದರೂ ಹೆಣ್ಣುಮಗಳು ಎದ್ದು ನಿಂತು ಏನಾದರೂ ಕೇಳಿದರೆ, "ಇದೂ ಗೊತ್ತಿಲ್ವಾ?" ಅಂತ ನಗಬೇಡಿ. ಹಾಗೆ ನಕ್ಕ ಊರಲ್ಲಿ ಮುಂದೆ ಯಾರೂ ಕೇಳೋದಿಲ್ಲ. ಕೇಳದ ಊರಲ್ಲಿ ಸಾಲ ಬೆಳೆಯುತ್ತೆ.

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತ ಹಿರಿಯರು ಹೇಳಿದ್ದಾರೆ. ಅವರು ಹೇಳಿದ ಬಾಯಿ ಕೂಗುವ ಬಾಯಿ ಮಾತ್ರ ಅಲ್ಲ, ಕೇಳುವ ಬಾಯಿಯೂ ಹೌದು. ನಾವು ಕೂಗೋಣ, ರಸ್ತೆಯಲ್ಲಿ ಕೂತಾಗ ಕೂಗಲೇಬೇಕು. ಆದರೆ ಕೌಂಟರಿನ ಮುಂದೆ ನಿಂತಾಗ ಕೇಳೋದನ್ನೂ ಕಲಿಯೋಣ. ನಿಮ್ಮಲ್ಲಿ ನನ್ನ ಕೋರಿಕೆ ಒಂದೇ. ಮುಂದಿನ ತಿಂಗಳ ಸಭೆಗೆ ಬರುವಾಗ ಪ್ರತಿಯೊಬ್ಬರೂ ತಮ್ಮ ಮನೆಯ ಒಂದು ಪ್ರಶ್ನೆಯನ್ನ ನಾಲ್ಕು ಸಾಲಿನಲ್ಲಿ ಬರೆದುಕೊಂಡು ಬನ್ನಿ. ಸರ್ವೆ ನಂಬರ್, ತಾರೀಕು, ಮೊತ್ತ, ಯಾರನ್ನ ಕೇಳಬೇಕು, ಏನು ಕೇಳಬೇಕು, ಇಷ್ಟು ಅದರಲ್ಲಿರಲಿ. ಬರೆಯೋಕೆ ಬಾರದವರು ಮಕ್ಕಳ ಕೈಲಿ ಬರೆಸಿ. ಒಂದೇ ತರಹದ ಪ್ರಶ್ನೆಗಳನ್ನ ಒಟ್ಟು ಹಾಕಿ, ಒಂದೇ ದಿನ, ಒಂದೇ ಕಚೇರಿಗೆ ಹೋಗಿ ಕೇಳೋಣ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾವು ಕುಂಬಳಕಾಯಿ ಪ್ರಶ್ನೆ ಕೇಳಿದ ದಿನ ಯಾರು ಯಾರು ಹೆಗಲು ಮುಟ್ಟಿ ನೋಡಿಕೊಳ್ತಾರೆ ಅನ್ನೋದನ್ನ ಕಣ್ಣಾರೆ ನೋಡೋಣ.